ಪಾಂ ನಫ್ ಸೇತುವೆಗೆ ಬಿಸಿಲು ತರಿಸಿದ್ದು ಹೀಗೆ

ಕಪ್ಪು ಬಳಸದೆ ನಡುಹಗಲಿನ ನೆರಳು ಬರೆಯೋಕೆ ಆಗಲ್ಲ ಅಂತ ಚಿತ್ರ ಬರೆಯುವ ನಮ್ಮ ಬಳಗದಲ್ಲಿ ಹೇಳದವರಿಲ್ಲ. ಆಗುತ್ತೆ. ಫ್ರೆಂಚ್ ಚಿತ್ರಕಾರ ರೆನ್ವಾರ್ 1872ರಲ್ಲಿ ಬರೆದ ಪ್ಯಾರಿಸ್‌ನ ಪಾಂ ನಫ್ ಸೇತುವೆಯ ಚಿತ್ರವನ್ನು ಹೆಚ್ಚುಕಮ್ಮಿ ಮೂಲದ ಅಳತೆಯಲ್ಲೇ, ಎರಡೂವರೆ ಅಡಿಗೆ ಮೂರಡಿ, ಎಣ್ಣೆಬಣ್ಣದಲ್ಲಿ ಕಾಪಿ ಮಾಡಿ ಮುಗಿಸಿದ್ದೇನೆ. ಮೂಲಚಿತ್ರ ವಾಷಿಂಗ್ಟನ್‌ನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಅವರ ಪುಕ್ಕಟೆ ಫೋಟೋ ಇಟ್ಟುಕೊಂಡೇ ಕೆಲಸ ಮಾಡಿದೆ.

ಮೊದಲು ಎಲ್ಲರ ಮಾತಿನಂತೆ ರಸ್ತೆಗೆ ಬಿಳಿ ಬಳಿದು ನೋಡಿದೆ. ಟೈಟಾನಿಯಂ ವೈಟ್ ಟ್ಯೂಬುಗಟ್ಟಲೆ ಖಾಲಿಯಾಯಿತು. ಸುಣ್ಣ ಹೊಡೆದ ಗೋಡೆ ಥರ ಕಂಡಿತೇ ಹೊರತು ಬಿಸಿಲು ಬರಲಿಲ್ಲ. ನೆರಳಿಗೆ ಕಪ್ಪು ಸೇರಿಸಿದಾಗ ಮಧ್ಯಾಹ್ನ ಹೋಗಿ ಸಂಜೆಯಾಯಿತು.

ಮೂಲದ ಫೋಟೋ ದೊಡ್ಡದು ಮಾಡಿ ಸೇತುವೆ ಮೇಲಿರುವ ಒಬ್ಬೊಬ್ಬರ ಕಾಲಬುಡ ನೋಡಿ. ಕಡುಬಣ್ಣವೆಲ್ಲ ಕೋಟಿನಲ್ಲಿ, ಕುದುರೆಗಾಡಿಯಲ್ಲಿದೆ. ನೆಲದ ನೆರಳು ಬರೀ ತಿಳಿನೀಲಿ. ರಸ್ತೆಯೂ ಬಿಳಿಯಲ್ಲ, ಕೆನೆಬಣ್ಣ. ಹಾಗಾಗಿ ಓಕರ್ (ಮಣ್ಣಿನ ಹಳದಿ), ಬಿಳಿ, ಚೂರು ಗುಲಾಬಿ ಬೆರೆಸಿ ಇಡೀ ರಸ್ತೆ ಮುಗಿಸಿ ಒಣಗಲು ಬಿಟ್ಟೆ. ಮಳೆಗಾಲ, ಹತ್ತು ಹನ್ನೆರಡು ದಿನ ಹಿಡಿಯಿತು. ಆಮೇಲೆ ನೀಲಿ ನೆರಳು, ತೆಳ್ಳಗೆ. ಮೊಬೈಲ್‌ನಲ್ಲಿ ಕಪ್ಪುಬಿಳುಪು ಫೋಟೋ ತೆಗೆದರೆ ನೆರಳು ರಸ್ತೆಗಿಂತ ಸ್ವಲ್ಪವೇ ಮಂಕಾಗಿ ಕಾಣಬೇಕು. ಜಾಸ್ತಿ ಮಂಕಾದರೆ ಒರೆಸಿಬಿಡಿ. ನೀಲಿಗೆ ಇನ್ನೇನು ಬೆರೆಸಿದೆ ಅನ್ನೋದು ಸದ್ಯಕ್ಕೆ ನನ್ನಲ್ಲೇ ಇರಲಿ.

ದುಡ್ಡು ತಿಂದಿದ್ದು ಕೋಬಾಲ್ಟ್ ನೀಲಿ. ಅಸಲಿ ಟ್ಯೂಬು ಸಾವಿರದ ಮೇಲೆ. ಅಗ್ಗದ್ದು ಓಕರ್ ಜೊತೆ ಸೇರಿದರೆ ಹಸಿರಿಗೆ ತಿರುಗಿತು. ಒಟ್ಟು ಖರ್ಚು ಒಂಬತ್ತು ಸಾವಿರದ ಆಸುಪಾಸು, ಮಾರಿದ್ದು ಇಪ್ಪತ್ತೆಂಟು ಸಾವಿರಕ್ಕೆ. ರೆನ್ವಾರ್‌ಗೆ 1875ರ ಹರಾಜಿನಲ್ಲಿ ಇದೇ ಚಿತ್ರಕ್ಕೆ ಸಿಕ್ಕಿದ್ದು ಬರೀ 300 ಫ್ರಾಂಕ್. ನೆನೆದರೆ ಹೊಟ್ಟೆ ಉರಿಯುತ್ತದೆ.

ಜನರನ್ನು ಬರೆಯುವುದು ಇನ್ನೊಂದು ಕಥೆ. ರೆನ್ವಾರ್ ಕಾಫಿ ಅಂಗಡಿಯ ಮಹಡಿಯಲ್ಲಿ ಕೂತಿದ್ದರೆ, ತಮ್ಮ ಎಡ್ಮಂಡ್ ಕೆಳಗೆ ದಾರಿಹೋಕರನ್ನು ನಿಲ್ಲಿಸಿ ಏನೇನೋ ಕೇಳುತ್ತಿದ್ದನಂತೆ. ಅಷ್ಟರಲ್ಲಿ ಅಣ್ಣ ಅವರನ್ನು ಗೀಚಿಕೊಳ್ಳುತ್ತಿದ್ದ. ಅದಕ್ಕೇ ಒಬ್ಬೊಬ್ಬರ ನಿಲುವೂ ಬೇರೆ. ನಾನು ತಲೆಯಿಂದ ಕಾಲಿನವರೆಗೆ ಬ್ರಷ್ ಎತ್ತದೆ ಎಳೆದೆ. ತಿದ್ದಿದರೆ ಗೊಂಬೆಗಳಾಗುತ್ತವೆ.

ನಡುವೆ ಇನ್ನೊಬ್ಬ ಫ್ರೆಂಚ್ ಚಿತ್ರಕಾರ ಮೋನೆ 1871ರಲ್ಲಿ ಬರೆದ ಮಳೆಯ ಪಾಂ ನಫ್ ಕೂಡ ಚಿಕ್ಕದಾಗಿ ಮಾಡಿ ನೋಡಿದೆ. ಅದು ಡಲ್ಲಾಸ್ ಮ್ಯೂಸಿಯಂನಲ್ಲಿದೆ. ನನ್ನ ಅದೇ ನೀಲಿ, ಕೆಳಗೆ ಕೆನೆಯ ಬದಲು ಬೂದು. ಒದ್ದೆ ರಸ್ತೆ ತಾನಾಗಿ ಬಂತು. ಬಿಸಿಲು ಕೂತಿರೋದು ಕೆಳಗಿನ ಪದರದಲ್ಲೇ ಅಂತ ಖಾತ್ರಿಯಾಯಿತು, ಅಲ್ವಾ? ಅನುಮಾನ ಇರುವವರು ಅಂಗೈಯಗಲದ ಬೋರ್ಡಿನಲ್ಲಿ ಕೆನೆ, ಬೂದು ಎರಡನ್ನೂ ಅಕ್ಕಪಕ್ಕ ಬಳಿದು, ಮೇಲೆ ಅದೇ ನೀಲಿ ಹಾಕಿ ನೋಡಲಿ.