ಜ್ಯಾಮಿಂಗೋ, ಕಿಲುಬೋ, ಆಕಾಶವೋ: ಕಡಲತಡಿಯಲ್ಲೊಂದು ನಾವಿಕ್ ಪ್ರಯೋಗಾಲಯ

ಮಂಗಳೂರಿನ ಹೊರವಲಯದ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ನಾನು ಎಲೆಕ್ಟ್ರಾನಿಕ್ಸ್ ಕಲಿಸುತ್ತೇನೆ. ವಿಭಾಗದಲ್ಲಿ ಉಪಗ್ರಹ ಸಂಕೇತಗಳ ಪ್ರಯೋಗಾಲಯ ಕಟ್ಟಲು ಹೊರಟಾಗ ನಾವು ಎತ್ತಿಕೊಂಡ ಪ್ರಶ್ನೆ ಒಂದೇ. ನಾವಿಕ್, ಅಂದರೆ ನಾವಿರುವ ಜಾಗ ತಿಳಿಸುವ ಭಾರತದ್ದೇ ಉಪಗ್ರಹ ವ್ಯವಸ್ಥೆ; ಅದರ ಸಂಕೇತಕ್ಕೆ ಯಾರಾದರೂ ಅಡ್ಡಿಪಡಿಸಿದರೆ (ಜ್ಯಾಮಿಂಗ್), ಅಥವಾ ಉಪಗ್ರಹದ ಸೋಗಿನಲ್ಲಿ ಸುಳ್ಳು ಸಂಕೇತ ಕಳುಹಿಸಿದರೆ (ಸ್ಪೂಫಿಂಗ್), ರಿಸೀವರ್‌ಗೆ ಅದು ತಿಳಿಯುವುದು ಹೇಗೆ?

ಸುಮಾರು 36,000 ಕಿ.ಮೀ. ಎತ್ತರದಿಂದ ಬರುವ ಈ ಸಂಕೇತ ತಾರಸಿ ಮುಟ್ಟುವ ಹೊತ್ತಿಗೆ ರಿಸೀವರ್‌ನ ಸ್ವಂತ ಗದ್ದಲದಡಿ ಹೂತುಹೋಗಿರುತ್ತದೆ. ಪ್ರತಿ ಉಪಗ್ರಹದ ಗುರುತಿನ ಕೋಡ್ ಮೊದಲೇ ಗೊತ್ತಿರುವುದರಿಂದಷ್ಟೇ ಅದನ್ನು ಹೆಕ್ಕಿ ತೆಗೆಯಬಹುದು. ಇಷ್ಟು ಕ್ಷೀಣವಾದುದನ್ನು ಕೆಡಿಸಲು ದೊಡ್ಡ ಯಂತ್ರವೇನೂ ಬೇಕಿಲ್ಲ. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಬೋಟ್ ಏಳು ಮೀನುಗಾರರೊಂದಿಗೆ ಕಾಣೆಯಾಯಿತು. ಮಹಾರಾಷ್ಟ್ರದ ಮಾಲ್ವಣ ಸಮೀಪದ ಕಡಲಿನಲ್ಲಿ ಅದರ ಅವಶೇಷ ನೌಕಾಪಡೆಗೆ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ. ಅದು ಜ್ಯಾಮಿಂಗ್‌ನ ಕಥೆಯಲ್ಲ; ಆದರೆ ಕಡಲಿಗೆ ಹೋದವರು ಎಲ್ಲಿದ್ದಾರೆಂದು ತಿಳಿಯುವುದರ ಬೆಲೆ ಏನೆಂದು ಈ ಕರಾವಳಿಯಲ್ಲಿ ಯಾರಿಗೂ ವಿವರಿಸಬೇಕಿಲ್ಲ.

ಮೊದಲ ನಿಯಮವನ್ನು ಬಾಗಿಲಿಗೇ ಅಂಟಿಸಿದೆವು: ಗಾಳಿಗೆ ಏನನ್ನೂ ಬಿಡುವಂತಿಲ್ಲ. ಪರವಾನಗಿಯಿಲ್ಲದೆ ಈ ತರಂಗಾಂತರಗಳಲ್ಲಿ ಪ್ರಸಾರ ಮಾಡುವುದು ಅಪರಾಧ. ಮೇಲಾಗಿ ಬಜ್ಪೆ ವಿಮಾನ ನಿಲ್ದಾಣ ಪಕ್ಕದಲ್ಲೇ ಇದೆ. ಸುಳ್ಳು ಸಂಕೇತದ ಪ್ರಯೋಗವೆಲ್ಲ ಲೋಹದ ಪೆಟ್ಟಿಗೆಯೊಳಗೆ, ಕೇಬಲ್‌ನಲ್ಲೇ, ನಡುವೆ ಸಂಕೇತವನ್ನು ತಗ್ಗಿಸುವ ಅಟೆನ್ಯುಯೇಟರ್ ಇಟ್ಟು ನಡೆಯುತ್ತದೆ. ನಿಜವಾದ ಆಕಾಶದಲ್ಲಿ ಒಂದೊಂದು ಉಪಗ್ರಹದ ಸಂಕೇತದ ಬಲ ತೋರಿಸುವ ಪಟ್ಟಿ ಪರದೆಯ ಮೇಲೆ ಒಂದೊಂದು ಎತ್ತರಕ್ಕಿರುತ್ತದೆ. ನೆತ್ತಿಯ ಮೇಲಿರುವುದು ಎತ್ತರ, ದಿಗಂತದಲ್ಲಿರುವುದು ಗಿಡ್ಡ. ಒರಟು ಸ್ಪೂಫಿಂಗ್ ಶುರುವಾದೊಡನೆ ಎಲ್ಲ ಪಟ್ಟಿಗಳೂ ಸಮನಾಗಿ ನಿಲ್ಲುತ್ತವೆ. ಅದನ್ನು ಒಮ್ಮೆ ಕಣ್ಣಾರೆ ಕಂಡ ವಿದ್ಯಾರ್ಥಿಗೆ ಮತ್ತೆ ಪಾಠ ಹೇಳಬೇಕಾಗಿಲ್ಲ.

ಆದರೆ ನಮ್ಮ ಸಮಯವನ್ನೆಲ್ಲ ತಿಂದದ್ದು ಶತ್ರುವಲ್ಲ, ಉಪ್ಪುಗಾಳಿ. ಒಂದು ಮಳೆಗಾಲದಲ್ಲಿ ಎಲ್ಲ ಉಪಗ್ರಹಗಳ ಮಟ್ಟವೂ ಒಟ್ಟಿಗೆ ಇಳಿಯತೊಡಗಿತು. “ಸರ್, ಯಾರೋ ಜ್ಯಾಮ್ ಮಾಡುತ್ತಿದ್ದಾರೆ” ಎಂದು ವಿದ್ಯಾರ್ಥಿನಿಯೊಬ್ಬಳು ಗಾಬರಿಯಿಂದ ಬಂದಳು. ತಾರಸಿಗೆ ಹೋಗಿ ಕನೆಕ್ಟರ್ ಬಿಚ್ಚಿದರೆ ಒಳಗೆ ಹಸಿರು ಕಿಲುಬು. ಆಂಟೆನಾದೊಳಗಿನ ವರ್ಧಕಕ್ಕೆ ವಿದ್ಯುತ್ ಹೋಗುವುದೂ ಅದೇ ಕೇಬಲ್‌ನಲ್ಲಿ; ಸಂಪರ್ಕ ಕೆಟ್ಟರೆ ವರ್ಧಕ ಸೊರಗುತ್ತದೆ. ಈಗ ಪ್ರತಿ ಜೋಡಣೆಗೂ ತನ್ನಷ್ಟಕ್ಕೇ ಬೆಸೆದುಕೊಳ್ಳುವ ರಬ್ಬರ್ ಟೇಪ್ ಸುತ್ತುತ್ತೇವೆ, ಮಳೆಗಾಲಕ್ಕೆ ಮೊದಲು ಮತ್ತು ನಂತರ ಬಿಚ್ಚಿ ನೋಡುತ್ತೇವೆ. ಉಪಕರಣದ ಪಟ್ಟಿ ಹಾಕುವವರು ಉಪಗ್ರಹ ಸಂಕೇತವನ್ನು ಅನುಕರಿಸುವ ದುಬಾರಿ ಸಿಮ್ಯುಲೇಟರ್‌ಗಿಂತ ಮೊದಲು ಒಳ್ಳೆಯ ಕೇಬಲ್‌ಗೆ ಹಣ ತೆಗೆದಿಡಲಿ ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಇನ್ನೊಂದು ಅಡ್ಡಿ ಆಕಾಶದ್ದೇ. ಭೂಮಿಯ ಕಾಂತಕ್ಷೇತ್ರದ ನಡುಗೆರೆ, ಅಂದರೆ ಭೂಕಾಂತೀಯ ಸಮಭಾಜಕ ವೃತ್ತ, ದಕ್ಷಿಣ ಭಾರತದ ತುದಿಯ ಬಳಿ ಹಾದುಹೋಗುತ್ತದೆ. 1963ರಲ್ಲಿ ದೇಶದ ಮೊದಲ ಸಂಶೋಧನಾ ರಾಕೆಟ್ ಹಾರಿದ ಕೇರಳದ ‘ತುಂಬಾ’ ಎಂಬ ಊರನ್ನು ಆರಿಸಿಕೊಂಡದ್ದೂ ಇದೇ ಕಾರಣಕ್ಕೆ. ಮಾರ್ಚ್ ಮತ್ತು ಸೆಪ್ಟೆಂಬರ್‌ ಆಸುಪಾಸಿನಲ್ಲಿ ಸೂರ್ಯ ಮುಳುಗಿದ ಮೇಲೆ ಈ ವೃತ್ತದ ಸುತ್ತಮುತ್ತ ಅಯಾನುಗೋಳದಲ್ಲಿ, ಅಂದರೆ ವಾತಾವರಣದ ಮೇಲಿನ ವಿದ್ಯುದಾವೇಶದ ಪದರದಲ್ಲಿ, ಪ್ಲಾಸ್ಮಾ ಗುಳ್ಳೆಗಳು ಎದ್ದು ಸಂಕೇತವನ್ನು ಕದಡುತ್ತವೆ. ಅಂಥ ಒಂದು ರಾತ್ರಿ ಪರದೆಯ ಮುಂದೆಯೇ ಕುಳಿತಿದ್ದೆವು. 55 ಡಿಗ್ರಿ ಪೂರ್ವ ರೇಖಾಂಶದ ಕಡೆಯ, ಅಂದರೆ ನಮಗೆ ಪಶ್ಚಿಮದ ಉಪಗ್ರಹದ ಗೆರೆ ನಡುಗಿ ಮೊದಲು ಕುಸಿಯಿತು. ಅದು ಚೇತರಿಸಿಕೊಳ್ಳುವಷ್ಟರಲ್ಲಿ 83 ಡಿಗ್ರಿಯದು ನಡುಗತೊಡಗಿತು. ಗುಳ್ಳೆಗಳು ರಾತ್ರಿ ಪೂರ್ವಕ್ಕೆ ತೇಲುವುದು ಹಾಗೆ ಕಣ್ಣಿಗೆ ಕಂಡಿತು. ನಾವಿಕ್ ಬಳಸುವ ಬ್ಯಾಂಡ್‌ಗಳಲ್ಲಿ 1176.45 ಮೆಗಾಹರ್ಟ್ಸ್‌ನ ಎಲ್5 ಹೆಚ್ಚು ಕದಡುತ್ತದೆ, 2492.028ರ ಎಸ್ ಬ್ಯಾಂಡ್ ಕಡಿಮೆ. ಹತ್ತಿರದ ಜ್ಯಾಮರ್ ಹೀಗೆ ಸರದಿಯಲ್ಲಿ ಬರುವುದಿಲ್ಲ. ತಾನು ಕೂತ ಬ್ಯಾಂಡಿನಲ್ಲಿ ಎಲ್ಲವನ್ನೂ ಒಮ್ಮೆಗೇ ಮುಳುಗಿಸುತ್ತದೆ.

ಹಾಗಾಗಿ ನಮ್ಮ ವಿದ್ಯಾರ್ಥಿಗಳು ಬರೆದ ಎಚ್ಚರಿಕೆ ತಂತ್ರಾಂಶ ಮೊದಲು ಕೇಳುವುದು ಕೇಬಲ್‌ನ ವಿದ್ಯುತ್ ಸರಿಯಿದೆಯೇ ಎಂದು, ಆಮೇಲೆ ಎರಡು ಬ್ಯಾಂಡ್‌ಗಳ ವ್ಯತ್ಯಾಸವನ್ನು, ಕೊನೆಗಷ್ಟೇ ಮನುಷ್ಯನ ಕೈವಾಡವನ್ನು. ದೇಶದ ಭದ್ರತೆಯ ವಿಷಯದಲ್ಲಿ ಸುಳ್ಳು ಎಚ್ಚರಿಕೆ ಕೂಗಿದ ಉಪಕರಣವನ್ನು ಎರಡನೆಯ ಬಾರಿ ಯಾರೂ ನಂಬುವುದಿಲ್ಲ.

ಜೂನ್, ಜುಲೈ ತಿಂಗಳ ಮೀನುಗಾರಿಕೆ ನಿಷೇಧ ಮುಗಿದ ಮೇಲೆ ಮಲ್ಪೆಯ ತಾಂಡೇಲರೊಬ್ಬರು (ಬೋಟ್ ನಡೆಸುವವರು) ತಮ್ಮ ಬೋಟಿನಲ್ಲಿ ನಮ್ಮ ರಿಸೀವರ್ ಇರಿಸಿಕೊಳ್ಳಲು ಒಪ್ಪಿದ್ದಾರೆ. ಬೋಟಿನ ಬ್ಯಾಟರಿ ಮುಟ್ಟಬಾರದು, ಬಲೆ ಎಳೆಯುವ ವಿಂಚ್‌ಗೆ ಅಡ್ಡ ಬರಬಾರದು ಎಂಬುದು ಅವರ ಷರತ್ತು. ಅದಕ್ಕೆ ತಕ್ಕ ಪೆಟ್ಟಿಗೆಯನ್ನು ಈಗ ಕಾರ್ಯಾಗಾರದಲ್ಲಿ ಮಾಡಿಸುತ್ತಿದ್ದೇವೆ.