ಸಲೈನ್ ಬಂತು, ಸೆಟ್ ಬರಲಿಲ್ಲ

ಲಾರಿ ಬಂದಾಗ ರಾತ್ರಿ ಎರಡು ಗಂಟೆ. ಮನೆ ಬಿಟ್ಟು ಬಂದವರ ಶಿಬಿರದಲ್ಲಿ ಕಾಲರಾ ಶುರುವಾಗಿ ಅವತ್ತಿಗೆ ಐದನೇ ದಿನ. ಅಲ್ಲಿಗೆ ಔಷಧ ತರಿಸುವ ಕೆಲಸ ನನ್ನದು. ಇಳಿಸುವವರು ಕಡಿಮೆ ಇದ್ದರು, ನಾನೂ ಹೆಗಲು ಕೊಟ್ಟೆ. ನರಕ್ಕೆ ಹನಿಸುವ ರಿಂಗರ್ ಲ್ಯಾಕ್ಟೇಟ್ (ಆರ್‌ಎಲ್) ದ್ರವದ ಒಂದೊಂದು ಲೀಟರಿನ ಚೀಲಗಳು, ಒಟ್ಟು ಮೂರು ಸಾವಿರ. ಸರಿಯಾಗಿ ಹೇಳಿದರೆ ಇದು ಸಲೈನ್ ಅಲ್ಲ. ಆದರೆ ಮಾತಲ್ಲಿ ಎಲ್ಲದಕ್ಕೂ ಸಲೈನ್ ಅಂದೇ ಅಭ್ಯಾಸ, ಇಲ್ಲೂ ಹಾಗೇ ಹೇಳುತ್ತೇನೆ. ಮೂರು ಟನ್‌ಗಿಂತ ಜಾಸ್ತಿ ತೂಕ. ನಾಲ್ಕು ಗಂಟೆಗೆ ಕೊನೆಯ ಡಬ್ಬ ಒಳಗೆ ಹೋದಾಗ ಬೆನ್ನು ಸೆಟೆದುಕೊಂಡಿತ್ತು, ಮನಸ್ಸು ಮಾತ್ರ ಹಗುರವಾಗಿತ್ತು.

ಆರು ಗಂಟೆಗೆ ವಾರ್ಡಿನ ಸಿಸ್ಟರ್ ಬಂದರು. ರಾಶಿ ನೋಡಿದರು. "ಸೆಟ್ ಎಲ್ಲಿಟ್ಟಿದ್ದೀರಿ ಸರ್?" ಅಂದರು.

ಸೆಟ್ ಇರಲಿಲ್ಲ.

ಡ್ರಿಪ್ ಸೆಟ್ ಅಂದರೆ ಚೀಲಕ್ಕೂ ಸೂಜಿಗೂ ನಡುವಿನ ಪ್ಲಾಸ್ಟಿಕ್ ನಳಿಗೆ. ಹನಿ ಬೀಳುವ ಪುಟ್ಟ ಕೊಳವೆ, ಹರಿವು ಹೆಚ್ಚು ಕಡಿಮೆ ಮಾಡುವ ಒಂದು ಚಕ್ರ, ಅಷ್ಟೇ. ತೂಕವೇ ಇಲ್ಲ. ತೂಕ ಇಲ್ಲ ಅಂತಲೇ ನಾನು ಬುದ್ಧಿವಂತಿಕೆ ತೋರಿಸಲು ಹೋಗಿದ್ದೆ. ಭಾರದ ಚೀಲ ರಸ್ತೆಯಲ್ಲಿ ಬರಲಿ, ಹಗುರದ ಸೆಟ್ ವಿಮಾನದಲ್ಲಿ ಬರಲಿ, ಖರ್ಚು ಉಳಿಯುತ್ತೆ ಅಂತ ಆರ್ಡರನ್ನು ಎರಡಾಗಿ ಒಡೆದಿದ್ದೆ. ವಿಮಾನ ಮೂರು ದಿನ ಮೊದಲೇ ಬಂದಿತ್ತು. ಆದರೆ ಔಷಧಕ್ಕೆ ಒಂದು ಅನುಮತಿ ಪತ್ರ, ಉಪಕರಣಕ್ಕೆ ಇನ್ನೊಂದು. ನಾನು ಮಾಡಿಸಿಕೊಂಡಿದ್ದು ಮೊದಲನೆಯದನ್ನು ಮಾತ್ರ. ಸೆಟ್‌ಗಳು ಕಸ್ಟಮ್ಸ್ ಗೋದಾಮಿನಲ್ಲಿ ಆರಾಮಾಗಿ ಕೂತಿದ್ದವು.

ಕಾಲರಾದಲ್ಲಿ ಒಂದು ದಿನ ತಡ ಅಂದರೆ ಏನು ಅಂತ ಲೆಕ್ಕ ಹಾಕಿ ನೋಡಿ. 60 ಕೆಜಿಯ ಒಬ್ಬರು ಮೈಯಲ್ಲಿ ನೀರೇ ಇಲ್ಲದ ಸ್ಥಿತಿಯಲ್ಲಿ ಬಂದರೆ ಕೆಜಿಗೆ 100 ಮಿಲಿಯಂತೆ ಆರು ಲೀಟರ್ ನರಕ್ಕೆ ಹೋಗಬೇಕು, ಅದೂ ಮೂರು ಗಂಟೆಯೊಳಗೆ. ಅದರಲ್ಲಿ 1.8 ಲೀಟರ್ ಮೊದಲ ಅರ್ಧ ಗಂಟೆಯಲ್ಲೇ. ಪಕ್ಕದ ಇನ್ನೊಂದು ಸಂಸ್ಥೆಯ ಆಪರೇಷನ್ ತಂಡದಿಂದ 200 ಸೆಟ್ ಸಾಲ ತಂದೆವು. ಅದೂ ಸಾಲದೆ ಬಂದಾಗ ಮೂಗಿನ ನಳಿಗೆಯಲ್ಲಿ ಓಆರ್‌ಎಸ್ ಇಳಿಸಿದರು. ಕುಡಿಯಲು ಆಗುವವರ ಕೈಗೆ ಲೋಟ ಕೊಟ್ಟು ಪಕ್ಕದಲ್ಲಿ ಒಬ್ಬರನ್ನು ಕೂರಿಸಿದರು. ಕಾಲರಾ ಬಂದವರಲ್ಲಿ ನೂರಕ್ಕೆ ಎಂಬತ್ತರಷ್ಟು ಜನಕ್ಕೆ ಬರೀ ಓಆರ್‌ಎಸ್ ಸಾಕಾಗುತ್ತದೆ, ನಮ್ಮನ್ನು ಉಳಿಸಿದ್ದು ಅದೇ. ಮರುದಿನ ಸಂಜೆ ಸೆಟ್ ಬಿಡುಗಡೆಯಾಯಿತು. ಅಷ್ಟು ಹೊತ್ತು ಸಿಸ್ಟರ್ ನನ್ನನ್ನು ಒಂದು ಮಾತೂ ಬಯ್ಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಆ ವಾರವೇ ಒಂದು ನೋಟ್‌ಬುಕ್ಕಿನಲ್ಲಿ ಜೋಡಿ ಪಟ್ಟಿ ಬರೆಯಲು ಶುರು ಮಾಡಿದೆ. ಯಾವ ಸಾಮಾನು ಯಾವುದಿಲ್ಲದೆ ದಂಡ ಅನ್ನುವ ಪಟ್ಟಿ. ಸಲೈನ್ ಇದ್ದರೆ ಸೆಟ್, ಕ್ಯಾನುಲಾ (ನರದೊಳಗೆ ಕೂರಿಸುವ ಸೂಜಿ-ನಳಿಗೆ), ಅಂಟಿಸುವ ಟೇಪ್. ಸೆಫ್ಟ್ರಿಯಾಕ್ಸೋನ್ ಅನ್ನುವ ಆಂಟಿಬಯಾಟಿಕ್ ಪುಡಿ ಇದ್ದರೆ ಅದನ್ನು ಕಲಸುವ ನೀರು, ಸಿರಿಂಜು. ರಕ್ತದ ಸಕ್ಕರೆ ಪರೀಕ್ಷೆಯ ಸ್ಟ್ರಿಪ್ ಇದ್ದರೆ ಅದೇ ಕಂಪನಿಯ ಯಂತ್ರ, ಅದಕ್ಕೆ ಬ್ಯಾಟರಿ. ದಡಾರ ಲಸಿಕೆ ಇದ್ದರೆ ಅದೇ ತಯಾರಕರು ಕೊಟ್ಟ ಡೈಲ್ಯೂಯೆಂಟ್ (ಲಸಿಕೆ ಪುಡಿ ಕಲಸುವ ದ್ರವ), ಒಮ್ಮೆ ಮಾತ್ರ ಬಳಸುವ ಸಿರಿಂಜು, ಬಳಸಿದ್ದನ್ನು ಹಾಕುವ ಪೆಟ್ಟಿಗೆ. ಡೈಲ್ಯೂಯೆಂಟ್ ಅಂದರೆ ನೀರೇ ತಾನೇ ಅಂತ ಬೇರೆ ಯಾವುದೋ ಹಾಕುವ ಹಾಗಿಲ್ಲ. ಕಲಸಿದ ಲಸಿಕೆಯೂ ಆರು ಗಂಟೆಯಾದ ಮೇಲೆ ಚೆಲ್ಲಬೇಕು. ಪಟ್ಟಿ ಬೆಳೆಯುತ್ತಾ ಬೆಳೆಯುತ್ತಾ ನಲವತ್ತು ಸಾಲಾಯಿತು. ಈಗಲೂ ಆರ್ಡರ್ ಹಾಕುವ ಮುಂಚೆ ಅದನ್ನು ಒಮ್ಮೆ ತಿರುವಿ ಹಾಕುತ್ತೇನೆ.

ಈ ಜೋಡಿ ತಲೆನೋವನ್ನು ಬೇರೆಯವರು ಆಗಲೇ ಬಗೆಹರಿಸಿ ಇಟ್ಟಿದ್ದಾರಲ್ಲ ಅಂತ ನೀವು ಕೇಳಬಹುದು. ಹೌದು, ಕಿಟ್ ಅಂತ ಒಂದಿದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಉಳಿದ ಸಂಸ್ಥೆಗಳು ಸೇರಿ ಮಾಡಿರುವ ತುರ್ತು ಆರೋಗ್ಯ ಕಿಟ್ 10,000 ಜನಕ್ಕೆ ಸುಮಾರು ಮೂರು ತಿಂಗಳಿಗೆ ಆಗುವ ಲೆಕ್ಕದ್ದು. ಎಷ್ಟು ಜನ ಬಂದಿದ್ದಾರೆ, ಏನು ಕಾಯಿಲೆ ಅನ್ನೋದೇ ಗೊತ್ತಿಲ್ಲದ ಮೊದಲ ವಾರಗಳಲ್ಲಿ ಅದಕ್ಕಿಂತ ಒಳ್ಳೆಯದು ಇಲ್ಲ. ಆದರೆ ಎರಡನೇ ಸಲವೂ ಕಿಟ್ಟೇ ತರಿಸಿದರೆ ಅದು ಸೋಮಾರಿತನ, ನಾನೂ ಮಾಡಿದ್ದೇನೆ. ಕಿಟ್ ಅನ್ನುವುದು ಎಲ್ಲೋ ಇರುವ ಸರಾಸರಿ ಜನರಿಗೆ ಹೊಲಿದ ಅಂಗಿ. ನಮ್ಮವರಿಗೆ ತೋಳು ಗಿಡ್ಡ, ಸೊಂಟ ದೊಡ್ಡ. ಮಕ್ಕಳ ಆಂಟಿಬಯಾಟಿಕ್ ಎರಡೇ ವಾರಕ್ಕೆ ಮುಗಿಯಿತು, ಇನ್ನು ಕೆಲವು ಪೆಟ್ಟಿಗೆ ಸೀಲೂ ಒಡೆಯದೆ ಕಪಾಟಿನಲ್ಲಿ ಉಳಿದವು.

ಹಾಗಾದರೆ ಎಷ್ಟು ತರಿಸಬೇಕು? ಪುಸ್ತಕದ ಲೆಕ್ಕ ಸುಲಭ. ತಿಂಗಳ ಸರಾಸರಿ ಖರ್ಚು ಹಿಡಿ. ಮಾಲು ಬರಲು ಎಷ್ಟು ತಿಂಗಳು, ಮುಂದಿನ ಆರ್ಡರಿಗೆ ಎಷ್ಟು ತಿಂಗಳು, ಕೈಮೀರಿದರೆ ಅಂತ ಎಷ್ಟು ತಿಂಗಳ ದಾಸ್ತಾನು, ಮೂರನ್ನೂ ಕೂಡಿ ಅದರಿಂದ ಗುಣಿಸು. ಇರುವುದನ್ನೂ ದಾರಿಯಲ್ಲಿರುವುದನ್ನೂ ಕಳೆ. ಮುಗಿಯಿತು. ಮೋಸ ಇರುವುದು ಆ ಮೊದಲ ಅಂಕಿಯಲ್ಲೇ.

ಒಂದು ಆರೋಗ್ಯ ಕೇಂದ್ರದಿಂದ ಬಂದ ವರದಿಯಲ್ಲಿ ಅಮಾಕ್ಸಿಸಿಲಿನ್ ತಿಂಗಳಿಗೆ 400 ಸ್ಟ್ರಿಪ್ ಖರ್ಚು ಅಂತ ಇತ್ತು. ನಾನು 400 ಹಿಡಿದು ಲೆಕ್ಕ ಹಾಕಿ ಕಳಿಸಿದೆ. ಮುಂದಿನ ತಿಂಗಳೂ ಅರ್ಧಕ್ಕೇ ಖಾಲಿ. ಅದರ ಮುಂದಿನ ತಿಂಗಳೂ ಅಷ್ಟೇ. ಕೊನೆಗೆ ಅಲ್ಲಿಗೇ ಹೋಗಿ ಸ್ಟಾಕ್ ಕಾರ್ಡ್ ತೆಗೆದು ನೋಡಿದೆ. ಹನ್ನೆರಡನೇ ತಾರೀಖಿಗೆ ಬಾಕಿ ಸೊನ್ನೆ. ಅಲ್ಲಿಂದ ತಿಂಗಳ ಕೊನೆಯವರೆಗೆ, ಹದಿನೆಂಟು ದಿನ, ಒಂದೇ ಒಂದು ಸಾಲೂ ಇಲ್ಲ. ಅಂದರೆ 400 ಖರ್ಚಾಗಿದ್ದು ಹನ್ನೆರಡೇ ದಿನದಲ್ಲಿ. ಮೂವತ್ತು ದಿನಕ್ಕೆ ಸಾವಿರ. ಔಷಧ ಇಲ್ಲದ ದಿನ ಯಾರೂ ಅದನ್ನು ಖರ್ಚು ಮಾಡುವುದಿಲ್ಲ, ಅಲ್ವಾ? ಆ ದಿನಗಳನ್ನೂ ಸೇರಿಸಿ ಸರಾಸರಿ ತೆಗೆದರೆ ಕೊರತೆ ತನ್ನಷ್ಟಕ್ಕೆ ತಾನೇ ಮುಂದುವರಿಯುತ್ತದೆ. ಅವತ್ತಿನಿಂದ ಖರ್ಚಿನ ಅಂಕಿಯ ಪಕ್ಕದಲ್ಲಿ 'ಎಷ್ಟು ದಿನ ಸ್ಟಾಕ್ ಇತ್ತು' ಅನ್ನುವ ಇನ್ನೊಂದು ಅಂಕಿ ಇಲ್ಲದಿದ್ದರೆ ವರದಿ ವಾಪಸ್ ಕಳಿಸುತ್ತಿದ್ದೆ. ಇದನ್ನೂ ಜೋಡಿ ಪಟ್ಟಿಗೆ ಸೇರಿಸಿದೆ.

ಇನ್ನೊಂದು ಚೌಕಾಸಿಯ ಆಟವಿದೆ. ಔಷಧ ಖಾಲಿಯಾಗಿ ಒಮ್ಮೆ ಕಷ್ಟ ಅನುಭವಿಸಿದ ಸಿಸ್ಟರ್ ಮುಂದಿನ ಇಂಡೆಂಟಿನಲ್ಲಿ, ಅಂದರೆ ಸ್ಟೋರಿಗೆ ಕಳಿಸುವ ಬೇಡಿಕೆ ಚೀಟಿಯಲ್ಲಿ, ಎರಡು ಪಟ್ಟು ಬರೆಯುತ್ತಾರೆ. ಸ್ಟೋರಿನವನು ಇವರು ಜಾಸ್ತಿ ಕೇಳುತ್ತಾರೆ ಅಂತ ಅರ್ಧ ಕತ್ತರಿಸುತ್ತಾನೆ. ಮುಂದಿನ ಸಲ ಅವರು ನಾಲ್ಕು ಪಟ್ಟು ಬರೆಯುತ್ತಾರೆ. ಮೂರು ತಿಂಗಳಲ್ಲಿ ಇಂಡೆಂಟಿಗೂ ನಿಜಕ್ಕೂ ಸಂಬಂಧವೇ ಇರುವುದಿಲ್ಲ. ಇದಕ್ಕೆ ಸಾಫ್ಟ್‌ವೇರ್ ಮದ್ದಲ್ಲ. ನಾನು ಮಾಡಿದ್ದು ಇಷ್ಟು. ಪ್ರತಿ ಕೇಂದ್ರಕ್ಕೂ ತಿಂಗಳಿಗೊಂದು ತಾರೀಖು ಗೊತ್ತು ಮಾಡಿದೆ. ಮಳೆ ಬರಲಿ, ದಾರಿ ಕೆಡಲಿ, ಆ ದಿನ ಏನಾದರೂ ತಲುಪಿಸುತ್ತಿದ್ದೆವು, ಪೂರ್ತಿ ಇಲ್ಲದಿದ್ದರೆ ಇದ್ದಷ್ಟು. ಐದನೇ ತಿಂಗಳಿಗೆ ಇಂಡೆಂಟುಗಳು ತಾವಾಗಿ ಇಳಿದವು. ಗಾಡಿ ಬಂದೇ ಬರುತ್ತದೆ ಅಂತ ಗೊತ್ತಾದ ಮೇಲೆ ಮಂಚದ ಕೆಳಗೆ ಯಾರು ಬಚ್ಚಿಡುತ್ತಾರೆ? ಬಚ್ಚಿಟ್ಟಿದ್ದೂ ಹೊರಗೆ ಬಂತು, ಎರಡು ಡಬ್ಬ ಪ್ಯಾರಾಸಿಟಮಾಲ್ ಮತ್ತು ಎಕ್ಸ್‌ಪೈರಿಗೆ ಒಂದು ತಿಂಗಳಿದ್ದ ಜಿಂಕ್ ಮಾತ್ರೆ.

ಸ್ಟೋರ್ ನೋಡಿಕೊಳ್ಳುತ್ತಿದ್ದ ಹಿರಿಯರ ಬಗ್ಗೆ ಹೇಳಲೇಬೇಕು. ಅವರೂ ಮನೆ ಬಿಟ್ಟು ಬಂದವರೇ, ಶಿಬಿರದಲ್ಲೇ ವಾಸ. ಪ್ರತಿ ಡಬ್ಬದ ಮೇಲೂ ದಪ್ಪ ಮಾರ್ಕರಿನಲ್ಲಿ ಎಕ್ಸ್‌ಪೈರಿಯ ತಿಂಗಳು, ವರ್ಷ ಬರೆಯುತ್ತಿದ್ದರು, ಅದೂ ದಾರಿಯ ಕಡೆ ಮುಖ ಮಾಡಿ. ಮೊದಲು ಮುಗಿಯುವುದು ಮುಂದೆ, ಆಮೇಲೆ ಮುಗಿಯುವುದು ಹಿಂದೆ. ಮೊದಲು ಬಂದಿದ್ದು ಮೊದಲು ಹೋಗಲಿ ಅನ್ನುವ ಕಿರಾಣಿ ಲೆಕ್ಕ ಔಷಧಕ್ಕೆ ನಡೆಯುವುದಿಲ್ಲ. ನಿನ್ನೆ ಬಂದ ಡಬ್ಬವೇ ನಾಳೆ ಮುಗಿಯುವುದಾಗಿರಬಹುದು. ಕಾರ್ಡಿಗೆ ದಾರದಲ್ಲಿ ಪೆನ್ನು ಕಟ್ಟಿದ್ದರು. ಪೆನ್ನು ಹುಡುಕಬೇಕಾದರೆ 'ಆಮೇಲೆ ಬರೆಯೋಣ' ಅಂತಾಗುತ್ತದೆ, ಆಮೇಲೆ ಯಾರೂ ಬರೆಯುವುದಿಲ್ಲ ಅಂತ ಅವರ ವಾದ. ನನಗೆ ಕಂಪ್ಯೂಟರಿನಲ್ಲಿ ಚಂದದ ತಃಖ್ತೆ ಇತ್ತು. ಎಣಿಸಿದಾಗ ಸರಿ ಹೊಂದುತ್ತಿದ್ದದ್ದು ಮಾತ್ರ ಅವರ ಕಾರ್ಡು.

ಕೋಲ್ಡ್ ಚೈನ್, ಅಂದರೆ ಲಸಿಕೆಯನ್ನು ದಾರಿಯುದ್ದಕ್ಕೂ ತಣ್ಣಗಿಡುವ ವ್ಯವಸ್ಥೆ, ಅದರ ಬಗ್ಗೆ ಎಲ್ಲರ ಭಯವೂ ಬಿಸಿಯದ್ದು. ಲಸಿಕೆ 2ರಿಂದ 8 ಡಿಗ್ರಿಯಲ್ಲಿ ಇರಬೇಕು, ಹೊರಗೆ ಸುಡುಬಿಸಿಲು, ಭಯ ಸಹಜವೇ. ಆದರೆ ನನ್ನ ಕೈಯಲ್ಲಿ ಹಾಳಾದದ್ದು ತಣ್ಣಗಾಗಿ. ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಫ್ರೀಜರಿನಿಂದ ಆಗಷ್ಟೇ ತೆಗೆದ ಐಸ್ ಪ್ಯಾಕನ್ನು ನೇರ ಪೆಟ್ಟಿಗೆಗೆ ಇಟ್ಟು, ಪಕ್ಕದಲ್ಲೇ ಐದು ರೋಗಕ್ಕೆ ಒಂದೇ ಆದ ಪೆಂಟಾವೇಲೆಂಟ್ ಲಸಿಕೆ ಜೋಡಿಸಿ ಕಳಿಸಿದ್ದ. ಅವನ ತಪ್ಪಲ್ಲ, ಹೇಳಿಕೊಟ್ಟಿರಲಿಲ್ಲ. ಐಸ್ ಪ್ಯಾಕನ್ನು ಹೊರಗಿಟ್ಟು ಕಾಯಬೇಕು. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ನೀರು ಗುಳುಗುಳು ಅನ್ನಬೇಕು, ಆಮೇಲೆ ಒಳಗಿಡಬೇಕು. ವಯಲ್ ಅಂದರೆ ಲಸಿಕೆಯ ಪುಟ್ಟ ಸೀಸೆ, ಅದರ ಮೇಲಿನ ಗುರುತು ನೋಡಿದರೆ ಎಲ್ಲ ಸರಿಯಾಗೇ ಇತ್ತು. ಆ ಗುರುತಿನಲ್ಲಿ ವೃತ್ತದೊಳಗಿನ ಚೌಕ ಬಿಸಿ ತಾಗಿದಂತೆ ಕಪ್ಪಾಗುತ್ತದೆ. ಹೆಪ್ಪುಗಟ್ಟಿದ್ದನ್ನು ಅದು ಹೇಳುವುದೇ ಇಲ್ಲ.

ಆಗ ಅಲ್ಲಾಡಿಸಿ ನೋಡುವ ಪರೀಕ್ಷೆ ಮಾಡಿದೆವು. ಅದೇ ಬ್ಯಾಚಿನ ಒಂದು ವಯಲನ್ನು ಬೇಕಂತಲೇ ರಾತ್ರಿಯಿಡೀ ಕಲ್ಲಾಗುವ ಹಾಗೆ ಹೆಪ್ಪುಗಟ್ಟಿಸಿದೆವು. ಬೆಳಿಗ್ಗೆ ಕರಗಲು ಬಿಟ್ಟು, ಅನುಮಾನದ ವಯಲಿನ ಜೊತೆ ಒಂದೇ ಕೈಯಲ್ಲಿ ಹಿಡಿದು ಅಲ್ಲಾಡಿಸಿ, ಎರಡನ್ನೂ ಕಿಟಕಿ ಬೆಳಕಿನಲ್ಲಿ ಮೇಜಿನ ಮೇಲೆ ಇಟ್ಟೆ. ಹೆಪ್ಪುಗಟ್ಟಿಸಿದ್ದರಲ್ಲಿ ಸ್ವಲ್ಪ ಹೊತ್ತಿಗೇ ಬಿಳಿ ಪುಡಿ ತಳಕ್ಕೆ ಇಳಿಯಿತು, ಮೇಲೆ ತಿಳಿನೀರು. ಎಲ್ಲರ ಕಣ್ಣೂ ಇನ್ನೊಂದರ ಮೇಲೆ. ಅದರಲ್ಲೂ ಅಷ್ಟೇ ಬೇಗ ಪುಡಿ ಇಳಿಯತೊಡಗಿತು. ಒಂದೊಂದೇ ಪೆಟ್ಟಿಗೆಯಿಂದ ತೆಗೆದು ನೋಡಿದೆವು, ಆರರಲ್ಲಿ ನಾಲ್ಕು ಹೋಗಿದ್ದವು. ಆ ಹುಡುಗ ಈಗಲೂ ಐಸ್ ಪ್ಯಾಕ್ ಎತ್ತಿದರೆ ಮೊದಲು ಕಿವಿಗೆ ಹಿಡಿಯುತ್ತಾನೆ.

ತೀವ್ರ ನೋವಿಗೆ ಕೊಡುವ ಮಾರ್ಫಿನ್ ವಿಷಯ ಬೇಗ ಮುಗಿಸುತ್ತೇನೆ, ಏಕೆಂದರೆ ಅದು ಪೂರ್ತಿ ಕಾಗದದ ಕೆಲಸ. ಮಾದಕ ವಸ್ತುಗಳ ಬಗೆಗಿನ 1961ರ ಅಂತರರಾಷ್ಟ್ರೀಯ ಒಪ್ಪಂದದ ಕೆಳಗೆ ಬರುವ ಔಷಧವಾದ್ದರಿಂದ ಕಳಿಸುವ ದೇಶದ ರಫ್ತು ಅನುಮತಿ, ತರಿಸಿಕೊಳ್ಳುವ ದೇಶದ ಆಮದು ಅನುಮತಿ ಎರಡೂ ಬೇಕು. ಭೂಕಂಪದಂಥ ತುರ್ತಿನಲ್ಲಿ ಇದನ್ನು ಸರಳಗೊಳಿಸಲು ದಾರಿ ಇದೆ, ಆದರೆ ಅದನ್ನು ಗೇಟಿನಲ್ಲಿ ನಿಂತ ಅಧಿಕಾರಿಗೆ ವಿವರಿಸುವುದು ನಿಮ್ಮ ಹಣೆಬರಹ. ಮೊದಲ ದಿನವೇ ಅರ್ಜಿ ಹಾಕಿ.

ದಾನದ ಔಷಧದ ವಿಷಯದಲ್ಲಿ ನಾನು ಸ್ವಲ್ಪ ಕಟು. ಒಳ್ಳೆ ಮನಸ್ಸಿನಿಂದಲೇ ಕಳಿಸುತ್ತಾರೆ, ಗೊತ್ತು. 1988ರ ಅರ್ಮೇನಿಯಾ ಭೂಕಂಪದ ನಂತರ ಕಡಿಮೆ ಅಂದರೂ 5,000 ಟನ್ ಔಷಧ ಮತ್ತು ಸಾಮಗ್ರಿ ಬಂದು ಬಿತ್ತು. ವಿಂಗಡಿಸಲು ಐವತ್ತು ಜನಕ್ಕೆ ಆರು ತಿಂಗಳು ಹಿಡಿಯಿತು. ತಕ್ಷಣ ಉಪಯೋಗಕ್ಕೆ ಬಂದದ್ದು ಮೂರನೇ ಒಂದು ಭಾಗದಷ್ಟೂ ಇರಲಿಲ್ಲ. 1996ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದಾನಕ್ಕೇ ನಿಯಮ ಮಾಡಿತು. ತಲುಪುವಾಗ ಕನಿಷ್ಠ ಒಂದು ವರ್ಷ ಬಾಳಿಕೆ ಉಳಿದಿರಬೇಕು, ಅಲ್ಲಿನ ವೈದ್ಯರಿಗೆ ಓದಲು ಬರುವ ಭಾಷೆಯಲ್ಲಿ ಲೇಬಲ್ ಇರಬೇಕು, ಇತ್ಯಾದಿ. ನಿಯಮ ಬಂದು ಎಷ್ಟೋ ವರ್ಷವಾದ ಮೇಲೂ ನಮ್ಮ ಬಾಗಿಲಿಗೆ ಅರ್ಧ ಬಳಸಿದ ಸ್ಟ್ರಿಪ್‌ಗಳು, ನಮ್ಮಲ್ಲಿ ಯಾರಿಗೂ ಓದಲಾಗದ ಲಿಪಿಯ ಹಸಿವಿನ ಟಾನಿಕ್ಕು ಬಂದವು. ಬೇಡ ಅನ್ನುವುದನ್ನು ಕಲಿಯಲು ನನಗೆ ಎರಡು ವರ್ಷ ಬೇಕಾಯಿತು. ತೆಗೆದುಕೊಂಡರೆ ಅದನ್ನು ನಾಶ ಮಾಡುವ ಕೆಲಸವೂ ನಮ್ಮದೇ. ಡ್ರಮ್ಮಿಗೆ ಮುಕ್ಕಾಲು ಭಾಗ ಮಾತ್ರೆ ತುಂಬಿ, ಸುಣ್ಣ, ಸಿಮೆಂಟು, ನೀರನ್ನು ತೂಕದಲ್ಲಿ 15:15:5 ಕಲಸಿ ಮೇಲೆ ಸುರಿದು ಮುಚ್ಚಬೇಕು. ಮೂರು ದಿನ ಇದೇ ಮಾಡಿದೆವು. ರೋಗಿಗಳಿಗೆ ಔಷಧ ಹೊತ್ತ ಅದೇ ಜನ, ಅದೇ ಹೆಗಲು.

ಕಾಲರಾ ಇಳಿದಾಗ ಚೀಲಗಳು ಮುಗಿದಿದ್ದವು, ಸೆಟ್ ಮಾತ್ರ 1,300 ಉಳಿದಿದ್ದವು. ಈ ಸಲ ಉಲ್ಟಾ. ಮುಂದಿನ ಮಳೆಗಾಲದಲ್ಲಿ ಒಂದು ರಾತ್ರಿ ಫೋನ್ ಬಂತು, ಅವತ್ತು ನಮಗೆ ಸಾಲ ಕೊಟ್ಟ ಆಪರೇಷನ್ ತಂಡದವರು. "ಆರ್‌ಎಲ್ ಬೇಕಾದಷ್ಟಿದೆ, ನಿಮ್ಮಲ್ಲಿ ಸೆಟ್ ಇದೆಯಾ?" ಅಂದರು. ಹಿರಿಯರು ಎದ್ದು ಬಂದು ಬೀಗ ತೆಗೆದರು, ಟಾರ್ಚ್ ಬೆಳಕಿನಲ್ಲಿ ಎಣಿಸಿ ಕೊಟ್ಟರು. ಸಾಲದ 200, ಮೇಲೆ 500. ಕ್ಯಾನುಲಾ ಇದೆಯಾ ಅಂತ ಅವರನ್ನು ಕೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಹಿರಿಯರು ಏನೂ ಹೇಳದೆ ಕ್ಯಾನುಲಾದ ಕಾರ್ಡನ್ನೂ ಕೆಳಗಿಳಿಸಿ, ದಾರದ ಪೆನ್ನು ಕೈಗೆ ತೆಗೆದುಕೊಂಡರು.