ಅಮೆರಿಕದಲ್ಲಿ ವಿಮಾನ ಓಡಿಸುವ ಕನ್ನಡಿಗರಿಗೆ: ಪಿಐಸಿ ಕಾಲಂನಲ್ಲಿ ಏನು ಬರೆಯಬೇಕು?

ಸ್ಯಾನ್ ಹೋಸೆಯ ರೀಡ್-ಹಿಲ್‌ವ್ಯೂ ಏರ್‌ಪೋರ್ಟ್‌ನಿಂದ ನೀವು ಮತ್ತು ನಿಮ್ಮ ಗೆಳೆಯ ಒಂದು ಸೆಸ್ನಾ 172 ತಗೊಂಡು ಹೊರಟಿದ್ದೀರಿ ಅಂದುಕೊಳ್ಳಿ. ಇಬ್ಬರಿಗೂ ಪ್ರೈವೇಟ್ ಪೈಲಟ್ ಲೈಸೆನ್ಸ್ ಇದೆ. ವಿಮಾನದ ಜವಾಬ್ದಾರಿ ಗೆಳೆಯನದು ಎಂದು ಮೊದಲೇ ಮಾತಾಡಿಕೊಂಡಿದ್ದೀರಿ. ಆದರೆ ಹೋಗುವಾಗ ಪೂರ್ತಿ ಒಂದು ಗಂಟೆ ಕಂಟ್ರೋಲ್ ಹಿಡಿದವರು ನೀವು. ಆ ಗಂಟೆಯನ್ನು ಪೈಲಟ್ ಇನ್ ಕಮಾಂಡ್, ಅಂದರೆ ಪಿಐಸಿ, ಎಂದು ಲಾಗ್‌ಬುಕ್ಕಿನಲ್ಲಿ ಯಾರು ಬರೆದುಕೊಳ್ಳಬೇಕು?

ನೀವು. ಗೆಳೆಯ ಬರೆದುಕೊಳ್ಳುವ ಹಾಗಿಲ್ಲ.

ಊರಿನಿಂದ ಬಂದ ಹೆಚ್ಚಿನವರಿಗೆ ಇದು ವಿಚಿತ್ರ ಅನಿಸುತ್ತದೆ. ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ಇಲ್ಲಿ ಎರಡು ಪ್ರಶ್ನೆಗಳನ್ನು ಬೇರೆ ಬೇರೆ ಕೇಳುತ್ತದೆ. ವಿಮಾನದ ಕ್ಯಾಪ್ಟನ್, ಅಂದರೆ ಹಾರಾಟದ ಜವಾಬ್ದಾರಿ ಹೊತ್ತವರು, ಯಾರು ಎಂಬುದು ಒಂದು. ಪಿಐಸಿ ಸಮಯ ಬರೆದುಕೊಳ್ಳುವವರು ಯಾರು ಎಂಬುದು ಇನ್ನೊಂದು. ಎರಡನೆಯದಕ್ಕೆ ಉತ್ತರ 61.51ನೇ ನಿಯಮದಲ್ಲಿದೆ. ಆ ಬಗೆಯ ವಿಮಾನಕ್ಕೆ ನಿಮ್ಮ ಲೈಸೆನ್ಸಿನಲ್ಲಿ ರೇಟಿಂಗ್ (ಓಡಿಸುವ ಅರ್ಹತೆ) ಇದ್ದು, ಕಂಟ್ರೋಲ್ ನಿಮ್ಮೊಬ್ಬರ ಕೈಯಲ್ಲೇ ಇದ್ದರೆ ಆ ಸಮಯ ನಿಮ್ಮದು. 200 ಹಾರ್ಸ್‌ಪವರ್‌ಗಿಂತ ಜಾಸ್ತಿ ಇರುವ ವಿಮಾನಕ್ಕೆ ಬೇಕಾದ ಎಂಡೋರ್ಸ್‌ಮೆಂಟ್, ಅಂದರೆ ಇನ್‌ಸ್ಟ್ರಕ್ಟರ್ ಲಾಗ್‌ಬುಕ್ಕಿನಲ್ಲಿ ಬರೆದುಕೊಡುವ ಒಪ್ಪಿಗೆ, ನಿಮಗೆ ಇಲ್ಲ ಅನ್ನಿ. ಆಗ ನೀವು ಕ್ಯಾಪ್ಟನ್ ಆಗುವಂತಿಲ್ಲ. ಎಂಡೋರ್ಸ್‌ಮೆಂಟ್ ಇರುವವರು ಪಕ್ಕದಲ್ಲಿ ಕ್ಯಾಪ್ಟನ್ ಆಗಿ ಕೂತಿದ್ದರೆ, ನೀವು ಓಡಿಸಿದ ಸಮಯವನ್ನು ಪಿಐಸಿ ಎಂದು ಬರೆದುಕೊಳ್ಳಬಹುದು.

ಕಲಿಯುವ ಹಂತದಲ್ಲಿ ಲೆಕ್ಕ ಸುಲಭ. ಇನ್‌ಸ್ಟ್ರಕ್ಟರ್ ಜೊತೆ ಹಾರಿದ್ದು ಡ್ಯುಯಲ್, ಒಬ್ಬರೇ ಹಾರಿದ ಸೋಲೋ ಪಿಐಸಿ. ಪ್ರೈವೇಟ್ ಲೈಸೆನ್ಸ್ ಕೈಗೆ ಬಂದ ದಿನದಿಂದ ಲೆಕ್ಕ ಬದಲಾಗುತ್ತದೆ. ಇನ್‌ಸ್ಟ್ರುಮೆಂಟ್ ರೇಟಿಂಗ್‌ಗೆ (ಹೊರಗೆ ಕಾಣದಿದ್ದರೂ ಮೀಟರ್ ನೋಡಿಯೇ ಓಡಿಸುವ ಅರ್ಹತೆಗೆ) ಅಂತ ಅದೇ ಸೆಸ್ನಾದಲ್ಲಿ ಇನ್‌ಸ್ಟ್ರಕ್ಟರ್ ಜೊತೆ ಹಾರಿದರೆ, ಅದೇ ಗಂಟೆಯನ್ನು ಡ್ಯುಯಲ್ ಕಾಲಂನಲ್ಲೂ ಪಿಐಸಿ ಕಾಲಂನಲ್ಲೂ ಬರೆಯಬಹುದು. ಇನ್‌ಸ್ಟ್ರಕ್ಟರ್ ಕೂಡ ತಮ್ಮ ಪುಸ್ತಕದಲ್ಲಿ ಅದನ್ನು ಪಿಐಸಿ ಎಂದೇ ಬರೆದುಕೊಳ್ಳುತ್ತಾರೆ. ಇಲ್ಲಿ ಇದು ಪೂರ್ತಿ ಸರಿ, ಯಾರೂ ತಪ್ಪು ಹಿಡಿಯುವುದಿಲ್ಲ.

ತೊಂದರೆ ಶುರುವಾಗುವುದು ನೀವು ಊರಿಗೆ ಹೋಗಿ ಭಾರತದ ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎ ಮುಂದೆ ಅದೇ ಲಾಗ್‌ಬುಕ್ ಇಟ್ಟಾಗ. ಭಾರತದಲ್ಲಿ ಡ್ಯುಯಲ್ ಅಂದರೆ ಡ್ಯುಯಲ್, ಅದು ಪಿಐಸಿ ಅಲ್ಲ. ಅಲ್ಲಿ ಕಮರ್ಷಿಯಲ್ ಲೈಸೆನ್ಸಿಗೆ ಒಟ್ಟು 200 ಗಂಟೆ ಬೇಕು. ಅದರಲ್ಲಿ 100 ಗಂಟೆ ಪಿಐಸಿ, ಆ 100ರಲ್ಲಿ 15 ಗಂಟೆ ಅರ್ಜಿ ಹಾಕುವ ಹಿಂದಿನ ಆರು ತಿಂಗಳೊಳಗೆ ಆಗಿರಬೇಕು. ನಿಮ್ಮ ಪುಸ್ತಕದಲ್ಲಿ 120 ಗಂಟೆ ಪಿಐಸಿ ಇದ್ದು, ಅದರಲ್ಲಿ 30 ಗಂಟೆ ಇನ್‌ಸ್ಟ್ರಕ್ಟರ್ ಪಕ್ಕದಲ್ಲಿದ್ದದ್ದಾದರೆ, ಅಲ್ಲಿಯ ಲೆಕ್ಕದಲ್ಲಿ ಉಳಿಯುವುದು 90. ಹತ್ತು ಗಂಟೆ ಕಡಿಮೆ. ಅದನ್ನು ತುಂಬಲು ಮತ್ತೆ ವಿಮಾನ ಬಾಡಿಗೆ, ಮತ್ತೆ ಖರ್ಚು. ಸಾಲ ಮಾಡಿ ಮಕ್ಕಳನ್ನು ಕಳಿಸಿದ ಮನೆಗಳಿಗೆ ಇದು ಚಿಕ್ಕ ಹೊಡೆತ ಅಲ್ಲ.

ಹಾಗಾಗಿ ವಾಪಸ್ ಹೋಗುವ ಯೋಚನೆ ಸ್ವಲ್ಪ ಇದ್ದರೂ ಮೊದಲ ದಿನದಿಂದಲೇ ಲಾಗ್‌ಬುಕ್ಕಿನಲ್ಲಿ ಒಂದು ಕಾಲಂ ಜಾಸ್ತಿ ಹಾಕಿಕೊಳ್ಳಿ. ಅದರಲ್ಲಿ ಇನ್‌ಸ್ಟ್ರಕ್ಟರ್ ಇಲ್ಲದೆ, ನೀವೇ ಕ್ಯಾಪ್ಟನ್ ಆಗಿ ಓಡಿಸಿದ ಸಮಯ ಮಾತ್ರ ಇರಲಿ. ನಾನು ಇದನ್ನು ಮೊದಲೇ ಮಾಡಲಿಲ್ಲ. ಆಮೇಲೆ ಹಳೆಯ ಪುಟಗಳಲ್ಲಿ ಒಂದೊಂದೇ ಸಾಲು ನೋಡುತ್ತಾ, ಅವತ್ತು ಪಕ್ಕದಲ್ಲಿ ಯಾರಿದ್ದರು ಎಂದು ನೆನಪು ಮಾಡಿಕೊಳ್ಳಬೇಕಾಯಿತು.

ರಾತ್ರಿ ಹಾರಾಟದಲ್ಲೂ ಇದೇ ಕಥೆ. ಡಿಜಿಸಿಎಗೆ ಪಿಐಸಿ ಆಗಿ ರಾತ್ರಿ 10 ಟೇಕಾಫ್, 10 ಲ್ಯಾಂಡಿಂಗ್ ಬೇಕು. ಎಫ್‌ಎಎ ಪ್ರೈವೇಟ್ ಲೈಸೆನ್ಸಿಗೆ ನೀವು ಮಾಡುವ 10 ರಾತ್ರಿ ಲ್ಯಾಂಡಿಂಗ್ ಇನ್‌ಸ್ಟ್ರಕ್ಟರ್ ಜೊತೆಗಿನದ್ದು. ಅವು ಅಲ್ಲಿಗೆ ಬರುವುದಿಲ್ಲ. ಇಲ್ಲಿಯ ಕಮರ್ಷಿಯಲ್‌ಗೆ ಬೇಕಾದ ರಾತ್ರಿ 5 ಗಂಟೆಯನ್ನು ಇನ್‌ಸ್ಟ್ರಕ್ಟರ್ ಕೂರಿಸಿಕೊಂಡೂ ಮಾಡಬಹುದು, ಒಬ್ಬರೇ ಆದರೂ ಮಾಡಬಹುದು. ಒಬ್ಬರೇ ಮಾಡಿ. ಎರಡೂ ಕಡೆ ನಡೆಯುತ್ತದೆ. ಆದರೆ ಅಲ್ಲಿಯ ಆರು ತಿಂಗಳ ಲೆಕ್ಕ ಮರೆಯಬೇಡಿ.

ಕ್ರಾಸ್ ಕಂಟ್ರಿ (ಬೇರೆ ಊರಿಗೆ ಮಾಡುವ ದೂರದ ಹಾರಾಟ) ಬಗ್ಗೆಯೂ ಒಂದು ಮಾತು. ಎಫ್‌ಎಎ ರೇಟಿಂಗ್‌ಗಳಿಗೆ ಹೊರಟ ಜಾಗದಿಂದ ನೇರ ಗೆರೆಯಲ್ಲಿ 50 ನಾಟಿಕಲ್ ಮೈಲಿಗಿಂತ ಜಾಸ್ತಿ ದೂರ ಹೋಗಿ ಇಳಿದಿರಬೇಕು. ರೀಡ್-ಹಿಲ್‌ವ್ಯೂನಿಂದ ಮಾಂಟೆರೆ ಸುಮಾರು 45. ಕಡಲ ಪಕ್ಕದ ಆ ಹಾರಾಟ ಎಷ್ಟೇ ಚೆನ್ನಾಗಿದ್ದರೂ ಈ ಲೆಕ್ಕಕ್ಕೆ ಬರಲ್ಲ. ಪಾಸೋ ರೋಬಲ್ಸ್‌ಗೆ ಹೋದರೆ ಬರುತ್ತದೆ.

ಗೆಳೆಯರ ನಡುವೆ ಜಾಸ್ತಿ ನಡೆಯುವುದು ಸೇಫ್ಟಿ ಪೈಲಟ್ ವ್ಯವಸ್ಥೆ. ಒಬ್ಬರು ಹೊರಗಿನದು ಕಾಣದಂತೆ ಮರೆ ಮಾಡುವ ಹುಡ್ ಹಾಕಿಕೊಂಡು ಮೀಟರ್‌ಗಳನ್ನಷ್ಟೇ ನೋಡಿ ಓಡಿಸುತ್ತಾರೆ. ಇನ್ನೊಬ್ಬರು ಹೊರಗೆ ನೋಡುತ್ತಾರೆ. ಹುಡ್ ಇರುವಷ್ಟು ಹೊತ್ತು ಇಬ್ಬರೂ ಪಿಐಸಿ ಬರೆಯಬಹುದು, ಆದರೆ ಸೇಫ್ಟಿ ಪೈಲಟ್ ಆಗ ಕ್ಯಾಪ್ಟನ್ ಆಗಿರಬೇಕು. ಅದನ್ನು ನೆಲದ ಮೇಲೇ ಮಾತಾಡಿಕೊಳ್ಳಿ. ಓಡಿಸಿದವರು ಸೇಫ್ಟಿ ಪೈಲಟ್ ಹೆಸರನ್ನು ಲಾಗ್‌ಬುಕ್ಕಿನಲ್ಲಿ ಬರೆಯಲೇಬೇಕು. ಭಾರತದ 100 ಗಂಟೆಗೆ ಮಾತ್ರ ಈ ಸಮಯವನ್ನು ನೆಚ್ಚಿಕೊಳ್ಳಬೇಡಿ.

ಈಗ ಜಕ್ಕೂರಿನಲ್ಲೋ ಇನ್ನೆಲ್ಲೋ ಕಲಿತು, ಭಾರತದ ಲೈಸೆನ್ಸ್ ಇಟ್ಟುಕೊಂಡು ಬಂದವರ ವಿಷಯ. ನೀವು ಮೊದಲಿನಿಂದ ಕಲಿಯಬೇಕಿಲ್ಲ. 61.75ನೇ ನಿಯಮದ ಪ್ರಕಾರ ಅದರ ಆಧಾರದ ಮೇಲೆ ಇಲ್ಲಿಯ ಪ್ರೈವೇಟ್ ಲೈಸೆನ್ಸ್ ಸಿಗುತ್ತದೆ. ಮೊದಲು ಒಕ್ಲಹೋಮ ಸಿಟಿಯ ಎಫ್‌ಎಎ ಕಚೇರಿಗೆ ಅರ್ಜಿ ಹಾಕಬೇಕು. ನಿಮ್ಮ ಲೈಸೆನ್ಸ್ ನಿಜ ಎಂದು ಡಿಜಿಸಿಎ ಖಾತ್ರಿ ಮಾಡಿದ ಮೇಲೆ ಒಂದು ಪತ್ರ ಬರುತ್ತದೆ. ಅದಕ್ಕೆ ಆರು ತಿಂಗಳ ಆಯಸ್ಸು, ಅಷ್ಟರೊಳಗೆ ಮುಂದಿನ ಕೆಲಸ ಮುಗಿಸಿ. ಓಡಿಸುವ ಮೊದಲು ಇನ್‌ಸ್ಟ್ರಕ್ಟರ್ ಜೊತೆ ಫ್ಲೈಟ್ ರಿವ್ಯೂ (ನಿಮ್ಮ ತಿಳಿವಳಿಕೆ, ಹಾರಾಟ ಎರಡರ ಪರಿಶೀಲನೆ) ಕೂಡ ಆಗಬೇಕು. ಭಾರತದ ಲೈಸೆನ್ಸ್ ಅವಧಿ ಮುಗಿದರೆ ಇಲ್ಲಿಯದೂ ನಡೆಯುವುದಿಲ್ಲ. ಆದ್ದರಿಂದ ಅಲ್ಲಿಯ ರಿನ್ಯೂವಲ್ ತಾರೀಕನ್ನು ಇಲ್ಲಿಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.